ತೇರಿನ ಮೇಲಿದ್ದ ಇಟ್ಟಿಗೆ ಗೋಪುರ

2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ತೇರಿದೆ. ಅದರ ನೆತ್ತಿ ಬೋಳು. ಇವತ್ತು ವಿಠ್ಠಲ ದೇವಾಲಯಕ್ಕೆ ಹೋದವರು ನೋಡುವುದೂ ಅದನ್ನೇ. ಆದರೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೇನೆಯ ಅಧಿಕಾರಿ 1856ರ ಸುಮಾರಿಗೆ ತೆಗೆದ ಚಿತ್ರದಲ್ಲಿ ತೇರಿನ ಮೇಲೆ ಇಟ್ಟಿಗೆಯ ಗೋಪುರವೊಂದು ನಿಂತಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ಗ್ರೀನ್‌ಲಾ ಹೊಟ್ಟೆಪಾಡಿಗೆ ಪಟ ತೆಗೆದವನಲ್ಲ, ಅವನದು ಹವ್ಯಾಸ. ಮೇಣ ಸವರಿದ ಕಾಗದದ ಮೇಲೆ ಅವನು ಮೂಡಿಸಿದ ದೊಡ್ಡ ನೆಗೆಟಿವ್‌ಗಳು ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದವು. 1980ರ ದಶಕದಲ್ಲಿ ಅವು ವಿದ್ವಾಂಸರ ಕೈಗೆ ಬಂದಾಗ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಬಿದ್ದಿತು, ಏನನ್ನು ಕೆಡವಿದರು, ಏನನ್ನು ನೆಟ್ಟಗೆ ನಿಲ್ಲಿಸಿದರು ಎಂಬುದೆಲ್ಲ ಗೊತ್ತಾಗುತ್ತದೆ. ಆ ಇಟ್ಟಿಗೆ ಗೋಪುರ ಕಲ್ಲಿನ ತೇರಿಗೆ ಒಪ್ಪುವಂಥದ್ದಲ್ಲ, ನಯವಿಲ್ಲದ ಕೆಲಸ. ಚೆಲುವಿನ ಲೆಕ್ಕದಲ್ಲಿ ಚಿತ್ರವನ್ನು ತೂಗುವ ಗೆಳೆಯನೊಬ್ಬ ಪಕ್ಕದಲ್ಲಿದ್ದಿದ್ದರೆ ಅದನ್ನು ಚೌಕಟ್ಟಿನಿಂದ ಹೊರಗಿಡು ಎಂದೇ ಹೇಳಿರುತ್ತಿದ್ದ.

ಈ ಬರಹದ ವಾದ ಇಷ್ಟೆ. ಹವ್ಯಾಸಿಗಳ ಛಾಯಾಗ್ರಹಣದ ಚರಿತ್ರೆಯನ್ನು ಕ್ಯಾಮೆರಾಗಳ ಚರಿತ್ರೆ ಎಂದು ಬರೆಯುವುದು ರೂಢಿ. ಅದನ್ನು ಪಟ ನೋಡಿದ ಜೊತೆಗಾರರು ಕೇಳಿದ ಪ್ರಶ್ನೆಗಳ ಚರಿತ್ರೆಯಾಗಿ ಬರೆದರೆ ಹೆಚ್ಚು ಸಂಗತಿಗಳು ತಿಳಿಯುತ್ತವೆ. ಪಟವನ್ನು ಒಬ್ಬ ತೆಗೆಯುತ್ತಾನೆ, ಆದರೆ ಚೌಕಟ್ಟಿನೊಳಗೆ ಏನಿರಬೇಕು ಎಂಬುದನ್ನು ಅವನ ಹಿಂದಿನ ಪಟ ನೋಡಿ ಮಾತಾಡಿದವರು ಅರ್ಧಕ್ಕರ್ಧ ತೀರ್ಮಾನಿಸಿರುತ್ತಾರೆ. ಇದನ್ನು ಪರೀಕ್ಷಿಸಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗಿಂತ ತಕ್ಕ ಸೀಮೆ ಸಿಗುವುದು ಕಷ್ಟ. ಹಂಪಿಯ ನೆರಳಿನಲ್ಲಿದ್ದೂ ಹಂಪಿಯ ಭಾಗ್ಯ ಕಾಣದ ನೆಲ ಇದು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಸೀಮೆಯ ಭಾಗವಾಗಿ 1953ರ ತನಕ ಮದರಾಸಿನ ಆಡಳಿತದಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿ ಬೆಂಗಳೂರಿನತ್ತ ಮುಖ ಮಾಡಿತು. ಇಲ್ಲಿನ ಪಟಗಳನ್ನು ನೋಡಿ ತೀರ್ಪು ಹೇಳುವ ಕಣ್ಣು ಮೊದಲು ಸಮುದ್ರತೀರದ ಮದರಾಸಿನಲ್ಲಿತ್ತು, ಆಮೇಲೆ ಬೆಂಗಳೂರಿನಲ್ಲಿ. ಕೂಡ್ಲಿಗಿಯಲ್ಲಾಗಲಿ ಹಡಗಲಿಯಲ್ಲಾಗಲಿ ಅದು ಇರಲಿಲ್ಲ.

ಮದರಾಸಿನಿಂದಲೇ ಶುರುಮಾಡೋಣ. ಬೊಂಬಾಯಿಯಲ್ಲಿ 1854ರಲ್ಲಿ ಹುಟ್ಟಿದ ಫೋಟೋಗ್ರಾಫಿಕ್ ಸೊಸೈಟಿಯ ಹಿಂದೆಯೇ 1856ರಲ್ಲಿ ಮದರಾಸು ಮತ್ತು ಬಂಗಾಳದಲ್ಲೂ ಅಂಥ ಸಂಘಗಳು ಹುಟ್ಟಿದವು. ಮದರಾಸಿನ ಸಂಘದ ಹಿಂದಿದ್ದವರಲ್ಲಿ ಮುಖ್ಯ ಹೆಸರು ಡಾ. ಅಲೆಕ್ಸಾಂಡರ್ ಹಂಟರ್. ಅಲ್ಲಿನ ಕಲಾಶಾಲೆಯನ್ನು ಕಟ್ಟಿದವರೂ ಅವರೇ. ವೈದ್ಯರು, ಸೇನಾಧಿಕಾರಿಗಳು, ಎಂಜಿನಿಯರುಗಳು, ಒಟ್ಟಿನಲ್ಲಿ ಸಂಬಳ ಬೇರೆ ಕಡೆಯಿಂದ ಬರುತ್ತಿದ್ದವರು ತಮ್ಮ ಪ್ರಯೋಗಗಳನ್ನು ತಂದು ತೋರಿಸುತ್ತಿದ್ದ ಕೂಟ ಅದು. ಅವರ ಮಾತಿನ ಬಹುಪಾಲು ಚಿತ್ರದ ಅಂದಚಂದದ ಬಗ್ಗೆ ಇರಲು ಸಾಧ್ಯವೇ ಇರಲಿಲ್ಲ. ಚಿತ್ರ ಮೂಡಿದ್ದೇ ದೊಡ್ಡ ಸಂಗತಿ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ಮೇಣಗಾಗದದ ವಿಧಾನ ನಮ್ಮ ಬಿಸಿಲುಸೀಮೆಗೆ ಹೇಗೆ ಒಗ್ಗಿತೆಂಬುದನ್ನು ನೋಡಿದರೆ ಇದು ಅರ್ಥವಾಗುತ್ತದೆ. ತೆಳ್ಳನೆಯ ಕಾಗದಕ್ಕೆ ಕರಗಿದ ಮೇಣ ಕುಡಿಸಬೇಕು, ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು, ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ ಬೆಳಕಿಗೆ ಸೂಕ್ಷ್ಮವಾಗುವಂತೆ ಮಾಡಬೇಕು. ಕ್ಯಾಮೆರಾದಲ್ಲಿ ನಿಮಿಷಗಟ್ಟಲೆ ಬೆಳಕುಣಿಸಿದ ಮೇಲೆ ಗ್ಯಾಲಿಕ್ ಆಮ್ಲದ ತಟ್ಟೆಯಲ್ಲಿ ಗಂಟೆಗಟ್ಟಲೆ ಕಾಯಬೇಕು. ಗಾಜಿನ ಮೇಲೆ ಹಸಿ ಕಲೋಡಿಯನ್ ಬಳಿಯುವ ವಿಧಾನಕ್ಕೆ ಚಿತ್ರ ತೆಗೆಯುವ ಜಾಗದಲ್ಲೇ ಕತ್ತಲೆಯ ಡೇರೆ ಬೇಕು, ಅದು ಒಣಗುವ ಮೊದಲೇ ಎಲ್ಲ ಮುಗಿಯಬೇಕು. ಮೇಣಗಾಗದವನ್ನಾದರೆ ಮನೆಯಲ್ಲೇ ಸಿದ್ಧಮಾಡಿಕೊಂಡು ಎತ್ತಿನ ಗಾಡಿಯಲ್ಲಿ ಒಯ್ಯಬಹುದು, ತಂದು ನಿಧಾನವಾಗಿ ತೊಳೆಯಬಹುದು. ಬಳ್ಳಾರಿಯ ಬಿಸಿಲಿಗೆ ಮೇಣ ಮೆತ್ತಗಾದರೆ ಏನು ಮಾಡಬೇಕು, ಯಾವ ಕಾಗದದಲ್ಲಿ ಕಬ್ಬಿಣದ ಚುಕ್ಕೆ ಏಳುತ್ತದೆ, ಬಾವಿಯ ಗಡಸು ನೀರಿನಿಂದ ಕಲೆ ಬೀಳುತ್ತದೆಯೇ ಎಂಬಂಥ ಕಸುಬಿನ ಕಷ್ಟಗಳೇ ಅಂದಿನ ಹವ್ಯಾಸಿಯ ತಲೆ ತುಂಬ. ಹೇಗೆ ಮಾಡಿದೆ ಎಂಬುದೇ ಆ ಕಾಲದ ಪ್ರಶ್ನೆ.

ಅದು ಚಿತ್ರಕ್ಕೆ ಒಂದು ಉಪಕಾರ ಮಾಡಿತು. ಜೊತೆಗಾರರ ಕಣ್ಣೆಲ್ಲ ರಸಾಯನದ ಮೇಲೆ ಇದ್ದುದರಿಂದ ಲೆನ್ಸಿನ ಎದುರಿಗಿದ್ದುದೆಲ್ಲ ಕಾಗದದ ಮೇಲೆ ಉಳಿಯಿತು. ಗೋಡೆಯ ಬಿರುಕು ಎಷ್ಟು ಸ್ಪಷ್ಟವಾಗಿ ಬಂದಿದೆ, ನೆರಳಿನೊಳಗಿನ ಕಂಬ ಕಾಣುತ್ತದೆಯೇ ಎಂಬುದೇ ಮೆಚ್ಚುಗೆಯ ಮಾನದಂಡವಾಗಿತ್ತು. 1855ರ ಫೆಬ್ರವರಿಯಲ್ಲಿ ನಡೆದ ಮದರಾಸಿನ ಪ್ರದರ್ಶನವನ್ನೇ ನೋಡಿ. ಅದು ಛಾಯಾಚಿತ್ರಗಳಿಗೆಂದೇ ಏರ್ಪಾಡಾದದ್ದಲ್ಲ, ದಕ್ಷಿಣ ಭಾರತದ ಕಚ್ಚಾ ಸರಕು, ಕಸುಬು, ತಯಾರಿಕೆಗಳ ಪ್ರದರ್ಶನ. ಅಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 68 ಚಿತ್ರಗಳನ್ನಿಟ್ಟ. ಹಿಂದಿನ ಡಿಸೆಂಬರಿನಲ್ಲಿ ಡಾ. ಆಂಡ್ರೂ ನೀಲ್ ಜೊತೆ ಬೇಲೂರು, ಹಳೇಬೀಡುಗಳಿಗೆ ಹೋಗಿ ತೆಗೆದವೂ ಅವುಗಳಲ್ಲಿದ್ದವು. ಕಾಗದದ ಮೇಲಿನ ನೋಟಚಿತ್ರಗಳಲ್ಲಿ ಇದೇ ಅತ್ಯುತ್ತಮ ಸರಣಿ ಎಂದು ತೀರ್ಪುಗಾರರು ಹೇಳಿದರು. ಅದೇ ವರ್ಷ ಕಂಪನಿಯ ನಿರ್ದೇಶಕರು ಹಳೆಯ ಕಟ್ಟಡಗಳನ್ನು ದಾಖಲಿಸಲು ಚಿತ್ರಕಾರರ ಬದಲು ಕ್ಯಾಮೆರಾ ಬಳಸಿ ಎಂದರು. ಟ್ರೈಪ್ ಮರುವರ್ಷ ಮದರಾಸು ಸರ್ಕಾರದ ಛಾಯಾಗ್ರಾಹಕನಾದ. ಪ್ರದರ್ಶನದಲ್ಲಿ ಹವ್ಯಾಸಿಗೆ ಸಿಕ್ಕ ಮೆಚ್ಚುಗೆ ಕಚೇರಿಯ ಆದೇಶಕ್ಕೆ ಎಷ್ಟು ಹತ್ತಿರವಿತ್ತೆಂಬುದಕ್ಕೆ ಇಷ್ಟು ಸಾಕು. ತುಂಗಭದ್ರೆಯ ಆಚೆ ಬೊಂಬಾಯಿ ಸರ್ಕಾರ ಬಿಗ್ಸ್ ಎಂಬ ಸೇನಾಧಿಕಾರಿಗೂ ಪಿಗೌ ಎಂಬ ವೈದ್ಯನಿಗೂ ಇದೇ ಕೆಲಸ ಒಪ್ಪಿಸಿತು. ಅವರಿಬ್ಬರ ಮತ್ತು ನೀಲ್‌ನ ಚಿತ್ರಗಳು ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದಕ್ಕೆ ಚರಿತ್ರೆಯ ಭಾಗ ಬರೆದವರು ಸುರಪುರದ ನಂಟಿನ ಮೆಡೋಸ್ ಟೇಲರ್.

ಐದು ತಾಲ್ಲೂಕುಗಳ ಸರದಿ ತಡವಾಗಿ ಬಂತು. ಮದರಾಸಿನ ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಪ್ರಕಟಿಸಿದ ದೊಡ್ಡ ಸಂಪುಟದ ಬೆನ್ನೆಲುಬೇ ಬಳ್ಳಾರಿ ಜಿಲ್ಲೆಯ ಗುಡಿಗಳು. ಹರಪನಹಳ್ಳಿ ಕಡೆಯ ಬಾಗಳಿ, ನೀಲಗುಂದ, ಹಡಗಲಿ ಕಡೆಯ ಕುರುವತ್ತಿ, ಮಾಗಳ, ಹಿರೇಹಡಗಲಿ, ಇವು ಅಂದು ಹೊರಗಿನವರು ಕೇಳಿರದ ಹೆಸರುಗಳು. ರೀ ಹವ್ಯಾಸಿಯಲ್ಲ, ಸಂಬಳದ ನೌಕರ. ಆದರೂ ಅವನ ಪುಸ್ತಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ನಲವತ್ತು ವರ್ಷ ಹಿಂದಿನ ಹವ್ಯಾಸಿಗಳು ರೂಢಿಗೆ ತಂದ ಅಳತೆಗೋಲೇ ಅಲ್ಲಿದೆ. ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಕಂಬದ ತಲೆಯಿಂದ ಚಾಚಿಕೊಂಡ ಆ ಹೆಣ್ಣುಶಿಲ್ಪಗಳನ್ನು ಬೇಲೂರಿನ ಮದನಿಕೆಯರ ಅಕ್ಕಂದಿರು ಎಂದು ಇಂದು ಕಲಾಚರಿತ್ರಕಾರರು ಗುರುತಿಸುತ್ತಾರೆ. ಹಾಗೆ ಗುರುತಿಸಬೇಕಾದರೆ ಶಿಲ್ಪದ ಮುಖ ಕಂಡರೆ ಸಾಲದು. ಅದು ಕಂಬಕ್ಕೆ ಹೇಗೆ ಸಿಕ್ಕಿಸಿದೆ, ಮೇಲಿನ ತೊಲೆಯನ್ನು ನಿಜಕ್ಕೂ ಹೊತ್ತಿದೆಯೇ ಇಲ್ಲ ಬರಿಯ ಅಲಂಕಾರವೇ, ಬಳ್ಳಿಯ ಕಮಾನು ಎಲ್ಲಿಗೆ ಮುಗಿಯುತ್ತದೆ ಎಂಬುದೆಲ್ಲ ಕಾಣಬೇಕು. ಇವತ್ತು ಕುರುವತ್ತಿಗೆ ಹೋಗಿ ಬಂದವರ ಪಟಗಳಲ್ಲಿ ಬಹುಪಾಲು ಶಿಲ್ಪದ ಮುಖ ಮತ್ತು ಮೈಮಾಟಕ್ಕೆ ನಿಂತುಬಿಡುತ್ತವೆ, ಹಿನ್ನೆಲೆ ಮಸುಕು. ಕಣ್ಣಿಗೆ ಹಬ್ಬ, ಸಂದೇಹವಿಲ್ಲ. ಆದರೆ ಅಂಥ ಪಟಗಳನ್ನು ಸಾಲಾಗಿಟ್ಟರೂ ಆ ಶಿಲ್ಪ ಯಾವ ಕಂಬದ್ದು ಎಂದು ಹೇಳಲು ಬರುವುದಿಲ್ಲ.

ಈ ಮಸುಕು ಹಿನ್ನೆಲೆಯ ರುಚಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಇಪ್ಪತ್ತನೆಯ ಶತಮಾನದ ಕ್ಲಬ್ಬುಗಳಲ್ಲಿದೆ. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ 1953ರಲ್ಲೇ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟಿದ್ದು ಕಾಕತಾಳೀಯ. ಅದನ್ನು ಕಟ್ಟಿದ ಡಾ. ಜಿ. ಥಾಮಸ್ ಬೆಂಗಳೂರಿನ ವೈದ್ಯರು, ‘ವ್ಯೂಫೈಂಡರ್’ ಎಂಬ ಅದರ ಪತ್ರಿಕೆಯನ್ನು ಬೆಳೆಸಿದವರು. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಇಂಥ ಕ್ಲಬ್ಬುಗಳ ಜೀವಾಳವೇ ಪರಸ್ಪರ ವಿಮರ್ಶೆ. ಸದಸ್ಯರು ತಂದ ಪ್ರಿಂಟುಗಳನ್ನು ದೀಪದ ಕೆಳಗೆ ಒಂದೊಂದಾಗಿ ನಿಲ್ಲಿಸಿ ಹಿರಿಯರು ಮಾತಾಡುತ್ತಾರೆ. ಕೈಯಲ್ಲಿ ಎಲ್ ಆಕಾರದ ಎರಡು ರಟ್ಟಿನ ತುಂಡು. ಅವನ್ನು ಪ್ರಿಂಟಿನ ಮೇಲೆ ಎದುರುಬದುರಾಗಿ ಇಟ್ಟು ಸರಿಸುತ್ತ ಹೋದಂತೆ ಚೌಕಟ್ಟು ಚಿಕ್ಕದಾಗುತ್ತದೆ, ದೊಡ್ಡದಾಗುತ್ತದೆ. ಎಡಗಡೆಯ ಕರೆಂಟ್ ಕಂಬ ಹೋಯಿತು. ಅಂಚಿನಲ್ಲಿ ಕಣ್ಣು ಸೆಳೆಯುತ್ತಿದ್ದ ಬಿಳಿ ಪ್ಲಾಸ್ಟಿಕ್ ಕೊಡ ಹೋಯಿತು. ಮೇಲಿನ ಖಾಲಿ ಆಕಾಶ ಹೋಯಿತು. ಉಳಿದದ್ದು ಮುದುಕಿಯ ಮುಖ, ಬೆಳಕು, ಸುಕ್ಕು. ಎಲ್ಲರೂ ತಲೆದೂಗುತ್ತಾರೆ. ಚೆನ್ನಾಗಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಅದು ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ಮುಂದಿನ ಸಲ ಆ ಸದಸ್ಯ ಕ್ಯಾಮೆರಾ ಎತ್ತಿದಾಗ ರಟ್ಟಿನ ಸಹಾಯವಿಲ್ಲದೆಯೇ ಕಂಬವನ್ನೂ ಕೊಡವನ್ನೂ ಬಿಡುತ್ತಾನೆ. ಊರಿಗೆ ಕರೆಂಟು ಬಂದ ಕಾಲ, ನೀರಿಗೆ ಪ್ಲಾಸ್ಟಿಕ್ ಕೊಡ ಹೊತ್ತ ಕಾಲ, ಎರಡೂ ಅವನ ಪಟಗಳಿಂದ ಸದ್ದಿಲ್ಲದೆ ಹೊರಗೆ ಉಳಿಯುತ್ತವೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚೆಲುವಿನ ಪಾಠ ಹೇಳಿದ ಈ ಕೂಟಗಳೇ ಅಲ್ಲವೇ ಕರ್ನಾಟಕಕ್ಕೆ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥ ವನ್ಯಜೀವಿ ಛಾಯಾಗ್ರಾಹಕರನ್ನು ಕೊಟ್ಟದ್ದು? ಒ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಬಳಿ ಪೆರುಮಾಳ್ ಕಲಿತರು, ಪೆರುಮಾಳರ ಬಳಿ ಒಂದು ತಲೆಮಾರೇ ಕಲಿಯಿತು. ಇನ್ನು ಕೂಡ್ಲಿಗಿಯ ಪಕ್ಕದ ತಾಲ್ಲೂಕಾದ ಸಂಡೂರಿನ ಎಂ.ವೈ. ಘೋರ್ಪಡೆ ಇದ್ದಾರೆ. ರಾಜಮನೆತನದವರು, ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿ, ಮುಂದೆ ಪಂಚಾಯತ್ ರಾಜ್ ವ್ಯವಸ್ಥೆಗೆ ಹೆಸರಾದವರು. ರಾಜಕಾರಣದ ನಡುವೆಯೇ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾದು ಕೂತ ಹವ್ಯಾಸಿ. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಪುಸ್ತಕವಾಗಿ ಬಂತು. ಸುಂದರವಾದ ಚಿತ್ರ ಕಂಡದ್ದರಿಂದಲೇ ಎಷ್ಟೋ ಜನ ಕಾಡಿನ ಬಗ್ಗೆ ಕಾಳಜಿ ತಳೆದರು ಎಂಬುದು ನಿಜ. ಆದರೆ ಘೋರ್ಪಡೆಯವರ ಪುಸ್ತಕದ ಉಪಶೀರ್ಷಿಕೆಯನ್ನು ಗಮನಿಸಬೇಕು: ಭಾರತದ ವನ್ಯಜೀವಿ ಛಾಯಾಗ್ರಾಹಕನೊಬ್ಬನ ದಿನಚರಿ ಎಂಬರ್ಥದ್ದು ಅದು. ಚಿತ್ರ ಒಂದು ಕಡೆ, ಅದರ ಸಂದರ್ಭ ಹೇಳುವ ಬರಹ ಇನ್ನೊಂದು ಕಡೆ. ಚೌಕಟ್ಟು ಹೊರಗಿಟ್ಟದ್ದನ್ನು ಬರಹದಿಂದ ತುಂಬಿಕೊಳ್ಳುವ ಶಿಸ್ತು ಅಲ್ಲಿದೆ. ಪೆರುಮಾಳರೂ ಬರೀ ಪಟದ ಮನುಷ್ಯರಲ್ಲ, ಪ್ರಾಣಿಪಕ್ಷಿಗಳ ವರ್ತನೆ ಬಲ್ಲ ನಿಸರ್ಗವಾದಿ. ಹಾಗಾಗಿ ಈ ಹಿರಿಯರ ಸಾಧನೆ ನನ್ನ ಮಾತಿಗೆ ಎದುರಾಗುವುದಿಲ್ಲ. ಅವರ ಶಿಷ್ಯರ ಶಿಷ್ಯರಿಗೆ ಬಂದು ತಲುಪಿದ್ದು ರಟ್ಟಿನ ತುಂಡು ಮಾತ್ರ, ದಿನಚರಿ ದಾರಿಯಲ್ಲೇ ಉಳಿಯಿತು ಎಂಬುದಷ್ಟೇ ತಕರಾರು.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ಗ್ರೀನ್‌ಲಾ ದೊರೆ, ಘೋರ್ಪಡೆ ರಾಜರು. ಕೊಟ್ಟೂರಿನ ಮಂಡಕ್ಕಿ ಅಂಗಡಿಯವನಿಗೂ ಹರಪನಹಳ್ಳಿಯ ಮೇಷ್ಟರಿಗೂ ಈ ಹೊಟ್ಟೆ ತುಂಬಿದವರ ಹವ್ಯಾಸಕ್ಕೂ ಏನು ಸಂಬಂಧ? ಬಹುಕಾಲ ಸಂಬಂಧವಿರಲಿಲ್ಲ ಎಂಬುದನ್ನು ಒಪ್ಪಬೇಕು. ಬಾಗಿಲು ಸ್ವಲ್ಪ ತೆರೆದದ್ದು ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀಯಂಥ ಡಬ್ಬಿ ಕ್ಯಾಮೆರಾಗಳಿಂದ. ಒಂದು ರೀಲಿಗೆ ಹನ್ನೆರಡು ಚೌಕ ಪಟ, ಫೋಕಸ್ ಮಾಡುವ ರಗಳೆಯಿಲ್ಲ, ಬಿಸಿಲಿದ್ದರೆ ಒಂದು ಗುರುತು, ಮೋಡವಿದ್ದರೆ ಇನ್ನೊಂದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನಿಂದ ‘ಇಂದು’ ರೀಲು ಬಂದ ಮೇಲೆ ಖರ್ಚೂ ಒಂದಿಷ್ಟು ಇಳಿಯಿತು. ತಾಲ್ಲೂಕು ಕೇಂದ್ರಗಳಲ್ಲಿ ಅಂಥ ಹವ್ಯಾಸಿಗೆ ಸಿಗುತ್ತಿದ್ದ ಏಕೈಕ ವಿಮರ್ಶಕ ಸ್ಟುಡಿಯೋದವನು. ರೀಲು ತೊಳೆದು, ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನು ಹೇಳುವ ಮಾತುಗಳು ಅಳೆದು ತೂಗಿದವು: ಇದು ಅಲುಗಿದೆ, ಇದರಲ್ಲಿ ಬೆಳಕು ಬೆನ್ನ ಹಿಂದಿದೆ, ಇದು ಪ್ರಿಂಟಿಗೆ ಬರುವುದಿಲ್ಲ, ಇವೆರಡನ್ನು ಮಾಡಿಸಿ. ಸ್ಟುಡಿಯೋದ ಮುಂದಿನ ಗಾಜಿನ ಷೋಕೇಸೇ ಊರಿನ ಪ್ರದರ್ಶನ ಶಾಲೆ. ಅಲ್ಲಿ ತೂಗುಹಾಕಿದ ಮದುವೆಯ ಜೋಡಿಯ, ತೊಟ್ಟಿಲ ಕೂಸಿನ ಪಟ ನೋಡಿ ದಾರಿಹೋಕರು ಆಡುವ ಮಾತಿನಲ್ಲೂ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಮುಖ ಪೂರ್ತಿ ಕಾಣಬೇಕು, ಕಾಲು ಕತ್ತರಿಸಿರಬಾರದು, ಯಾರು ಎಂದು ಗೊತ್ತಾಗಬೇಕು. ಅರ್ಧ ಮುಖದ ಮೇಲೆ ನೆರಳು ಬಿದ್ದ ಪಟವನ್ನು ಬೆಂಗಳೂರಿನ ತೀರ್ಪುಗಾರ ಮೆಚ್ಚಿಯಾನು, ಊರಿನ ಅವ್ವ ಮೂಗು ಮುರಿಯುತ್ತಾಳೆ. ಕಲೆಯ ಲೆಕ್ಕದಲ್ಲಿ ಅವ್ವನ ನಿಲುವು ಬಡವಾದದ್ದೇ ಇರಬಹುದು. ದಾಖಲೆಯ ಲೆಕ್ಕದಲ್ಲಿ ಅವಳು ರೀ ಸಾಹೇಬನ ಪಕ್ಷದವಳು.

ಜಾತ್ರೆಗಳಲ್ಲಿ ಈ ಎರಡು ರುಚಿಗಳು ಎದುರುಬದುರಾಗುತ್ತವೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ಸದ್ದಡಗಿಸಿ, ಒಂದೇ ಒಂದು ಸಾಲಿನ ಕಾರಣಿಕ ನುಡಿದು ಹಿಂದಕ್ಕೆ ಬೀಳುತ್ತಾನೆ. ಕೆಳಗಿದ್ದವರು ಹಿಡಿಯುತ್ತಾರೆ. ಆ ಕ್ಷಣಕ್ಕಾಗಿ ಕಾದ ಕ್ಯಾಮೆರಾಗಳ ಸಾಲು ಈಗ ವರ್ಷವರ್ಷವೂ ಉದ್ದವಾಗುತ್ತಿದೆ. ಸಿಗುವ ಪಟವೆಂದರೆ ಆಕಾಶದ ಎದುರು ಬಿಲ್ಲು, ಕಂಬಳಿ ಹೊದ್ದ ಆಕೃತಿ, ಎತ್ತಿದ ಕೈ. ಯಾವ ವರ್ಷದ್ದಾದರೂ ಒಂದೇ. ನುಡಿದ ಸಾಲನ್ನು ಮಾತ್ರ ಜನ ಬಿಡುವುದಿಲ್ಲ. ಮಳೆಯೋ ಬೆಳೆಯೋ ರಾಜಕೀಯವೋ ಎಂದು ವರ್ಷವಿಡೀ ಕಟ್ಟೆಯ ಮೇಲೆ ಕೂತು ಅರ್ಥ ಬಿಡಿಸುತ್ತಾರೆ. ಹೋದ ವರ್ಷದ ನುಡಿಯ ಜೊತೆ ಹೋಲಿಸುತ್ತಾರೆ, ಒಬ್ಬನ ಅರ್ಥವನ್ನು ಇನ್ನೊಬ್ಬ ಮುರಿಯುತ್ತಾನೆ. ಒಂದು ಸಾಲಿನ ಮೇಲೆ ಇಷ್ಟು ವಿಮರ್ಶೆ ನಡೆಸಬಲ್ಲ ಸೀಮೆಯಲ್ಲಿ ಒಂದು ಪಟದ ಪಾಲಿಗೆ ‘ಸೂಪರ್’ ಎಂಬ ಒಂದೇ ಮಾತು ಸಿಗುವುದು ವಿಚಿತ್ರ. ಕೊಟ್ಟೂರಿನದು ಇನ್ನೂ ಗಂಭೀರ ಉದಾಹರಣೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುತ್ತಿದ್ದಾಗಲೇ ಉರುಳಿಬಿತ್ತು. ತೇರಿನ ಪಟಗಳಲ್ಲಿ ಮೆಚ್ಚುಗೆ ಪಡೆಯುವುದು ಯಾವಾಗಲೂ ಜನಸಾಗರ, ತೂರಿಬರುವ ಬಾಳೆಹಣ್ಣು, ಬಣ್ಣದ ಬಾವುಟ, ಭಕ್ತಿಯ ಮುಖ. ತೇರು ಕಟ್ಟುವ ಬಡಗಿಗೆ, ಅಪಘಾತದ ಕಾರಣ ಹುಡುಕುವ ಎಂಜಿನಿಯರಿಗೆ ಬೇಕಾದದ್ದು ಗಾಲಿ, ಅಚ್ಚು, ಮಿಣಿ ಕಟ್ಟಿದ ಜಾಗ, ಗಾಲಿಗೆ ಉಟಗಿ ಕೊಡುವವನ ಕೈ. ಅಂಥ ಪಟ ತೆಗೆದು ತೋರಿಸಿದವನಿಗೆ ಗೆಳೆಯರು ‘ಇದರಲ್ಲೇನಿದೆ’ ಎಂದುಬಿಟ್ಟರೆ ಮರುವರ್ಷ ಅವನು ತೆಗೆಯುವುದಿಲ್ಲ.

ಈಚಿನ ವರ್ಷಗಳಲ್ಲಿ ಮೂರನೆಯ ಪ್ರಶ್ನೆಯೊಂದು ಹುಟ್ಟಿಕೊಂಡಿದೆ, ಅದು ಬಂದದ್ದು ಹಕ್ಕಿಗಳ ದೆಸೆಯಿಂದ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಒಂದು ನೀರಾವರಿ ಕೆರೆ. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಕಪ್ಪುತಲೆಯ ಕೆಂಬರಲು, ಬಾಯ್ಕಳಕ, ನೀರುಕಾಗೆಗಳು ಗೂಡುಕಟ್ಟಿ ಮರಿಮಾಡುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿ ಕೊನೆಗೆ ಅಘನಾಶಿನಿ ಮತ್ತು ಮಾಗಡಿ ಕೆರೆಯ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಕ್ಕಿಯ ಪಟವನ್ನು ಇನ್ನೊಬ್ಬ ಹಕ್ಕಿಗನಿಗೆ ತೋರಿಸಿದಾಗ ಬರುವ ಮೊದಲ ಮಾತೇ ಬೇರೆ: ಇದು ಯಾವುದು, ಎಲ್ಲಿ, ಯಾವಾಗ, ಎಷ್ಟಿದ್ದವು. ರೆಕ್ಕೆಯ ಮೇಲಿನ ಪಟ್ಟೆ ಕಾಣುವಂತಿದ್ದರೆ ಮಸುಕಾದ ಪಟಕ್ಕೂ ಬೆಲೆ. ಸ್ಪರ್ಧೆಯಲ್ಲಿ ಒಂದು ಅಂಕವೂ ಬಾರದ ದೂರದ ಚುಕ್ಕೆಯಂಥ ಹಕ್ಕಿ, ಆ ಕೆರೆಯಲ್ಲಿ ಮೊದಲ ಸಲ ಕಂಡದ್ದಾದರೆ, ಎಲ್ಲರ ಹುಬ್ಬೇರಿಸುತ್ತದೆ. 1850ರ ದಶಕದ ಕುತೂಹಲವೇ ಇದು, ಕಲ್ಲಿನಿಂದ ಹಕ್ಕಿಗೆ ದಾಟಿ ಬಂದಿದೆ.

ಸ್ಪರ್ಧಾಲೋಕದ ಹಿಡಿತ ಆದರೂ ಸಡಿಲವಾಗಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡಿದ್ದ ನಿಸರ್ಗಚಿತ್ರದ ವ್ಯಾಖ್ಯೆ ಮನುಷ್ಯನ ಕೈ ತಾಗಿದ್ದೇನೂ ಚಿತ್ರದಲ್ಲಿ ಇರಕೂಡದು ಎನ್ನುತ್ತಿತ್ತು. ಚಿತ್ರವನ್ನು ತಿದ್ದಿ ಸುಳ್ಳು ಹೇಳದಿರಲಿ ಎಂಬ ಒಳ್ಳೆಯ ಉದ್ದೇಶದ ನಿಯಮಗಳ ಜೊತೆಗೇ ಇದೂ ಇತ್ತು. ಅಂಕಸಮುದ್ರಕ್ಕೆ ಇದನ್ನು ಅನ್ವಯಿಸಿ ನೋಡಿ. ಏರಿ ಕಟ್ಟಿದ್ದು ಮನುಷ್ಯ, ತೂಬು ಇಟ್ಟದ್ದು ಮನುಷ್ಯ, ಸುತ್ತಲಿನ ಹೊಲಗದ್ದೆ ಮನುಷ್ಯನದು. ನಿಯಮಕ್ಕೆ ತಕ್ಕ ಪಟ ಬೇಕೆಂದರೆ ಏರಿ, ತೂಬು, ಹೊಲ ಮೂರನ್ನೂ ಬಿಟ್ಟು ಕೊಕ್ಕರೆಯ ಕೊಕ್ಕಿಗೆ ಹೋಗಬೇಕು. ಆಗ ಪಟ ಹೇಳುವುದು ಕಾಡಿನ ಕತೆ. ನಿಜವಾದ ಕತೆ ಬಯಲುಸೀಮೆಯ ಒಕ್ಕಲು ಕಟ್ಟಿದ ಕೆರೆಯಲ್ಲಿ ಹಕ್ಕಿಗಳು ನೆಲೆ ಕಂಡದ್ದು. ತಮಾಷೆಯೆಂದರೆ ಅದೇ ವ್ಯಾಖ್ಯೆಯಲ್ಲಿ ಒಂದು ವಿನಾಯಿತಿಯೂ ಇತ್ತು: ಮನುಷ್ಯ ಮಾರ್ಪಡಿಸಿದ ನೆಲೆಗೆ ಹೊಂದಿಕೊಂಡ ಜೀವಿಗಳ ವಿಷಯದಲ್ಲಿ ಮನುಷ್ಯನ ಗುರುತು ಇರಬಹುದು, ಕಣಜದ ಗೂಬೆ ಮತ್ತು ಕೊಕ್ಕರೆಗಳ ಹಾಗೆ ಎಂದು. ಯುರೋಪಿನ ಮನೆಮಾಳಿಗೆಯ ಕೊಕ್ಕರೆಯನ್ನು ನೆನೆದು ಬರೆದ ಸಾಲಿರಬೇಕು, ನಮ್ಮ ಜಾಲಿ ಮರದ ಕೊಕ್ಕರೆಗೂ ಹೇಳಿ ಮಾಡಿಸಿದಂತಿದೆ. ಆ ವಿನಾಯಿತಿಯನ್ನು ಬಳಸಿ ಏರಿಯ ಸಮೇತ ಹಕ್ಕಿಯನ್ನು ತೆಗೆಯುವ ಧೈರ್ಯ ಕಡಿಮೆ ಜನಕ್ಕೆ, ಏಕೆಂದರೆ ತೀರ್ಪುಗಾರ ಒಪ್ಪುತ್ತಾನೋ ಇಲ್ಲವೋ ಎಂಬ ಅಳುಕು.

ನಿಖರವಾದ ವಿವರ ಕೇಳುವ ಈ ಪ್ರಶ್ನೆ ಹಕ್ಕಿಗಳಾಚೆಗೂ ಹರಡಬೇಕೆಂಬುದಕ್ಕೆ ಈ ತಾಲ್ಲೂಕುಗಳ ಆಡಳಿತ ಚರಿತ್ರೆಯೇ ಸಾಕ್ಷಿ. ಹರಪನಹಳ್ಳಿ 1997ರ ತನಕ ಬಳ್ಳಾರಿಗೆ, ಆಮೇಲೆ ದಾವಣಗೆರೆಗೆ, 2018ರ ನಂತರ ಮತ್ತೆ ಬಳ್ಳಾರಿಗೆ, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ‘ಬಳ್ಳಾರಿ ಜಿಲ್ಲೆಯ ಗುಡಿ’ ಎಂದಷ್ಟೇ ಬರೆದ ಪಟ ಮೂವತ್ತು ವರ್ಷದಲ್ಲಿ ಅನಾಥವಾಗುತ್ತದೆ. ಊರಿನ ಹೆಸರು, ಓಣಿ, ದಿಕ್ಕು, ತಾರೀಕು ಇದ್ದರೆ ಮಾತ್ರ ಅದಕ್ಕೆ ವಿಳಾಸ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ನೀರು ನಿಂತಾಗ ನಾರಾಯಣದೇವರಕೆರೆ ಮುಳುಗಿತು, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಅಂಥ ಊರಿನ ಒಂದು ಓಣಿಯ, ಕಟ್ಟೆಯ, ಬಾವಿಯ ಸಾಧಾರಣ ಪಟ ಯಾರ ಪೆಟ್ಟಿಗೆಯಲ್ಲಿ ಸಿಕ್ಕರೂ ಅದಕ್ಕೆ ಪದಕ ಗೆದ್ದ ನೂರು ಸೂರ್ಯಾಸ್ತಗಳಿಗಿಂತ ಹೆಚ್ಚು ಬೆಲೆ. ದಾಖಲೆಯ ಪಟ ನೀರಸ, ಯಾರೂ ನೋಡುವುದಿಲ್ಲ ಎಂಬ ಮಾತು ತೆಗೆದ ದಿನಕ್ಕೆ ನಿಜವಿರಬಹುದು. ಐವತ್ತು ವರ್ಷ ಕಳೆದರೆ ಕಣ್ಣು ಹೋಗುವುದು ಆ ಕರೆಂಟ್ ಕಂಬದ ಕಡೆಗೇ. ಹಾಗೆಂದು ಚೆಲುವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಗ್ರೀನ್‌ಲಾನ ಚಿತ್ರಗಳು ಚೆಲುವಾಗಿಯೂ ಇವೆ. ನೆರಳು ಎಲ್ಲಿ ಬೀಳಬೇಕು, ಎಷ್ಟು ಹೊತ್ತಿನ ಬಿಸಿಲು ಬೇಕು ಎಂಬುದನ್ನು ಬಲ್ಲವನು ಅವನು. ಚೆಲುವಿನ ಪ್ರಶ್ನೆಯೊಂದೇ ಉಳಿದು ಉಳಿದವೆರಡು ಸತ್ತುಹೋದಾಗ ಪಟಗಳೆಲ್ಲ ಒಂದೇ ಅಚ್ಚಿನವಾಗುತ್ತವೆ, ಬೇರೆ ಬೇರೆ ಊರಿನವಾದರೂ.

ಉಳಿದದ್ದು ಒಂದು ಆಕ್ಷೇಪ, ಇದರಲ್ಲಿ ಅರ್ಧ ಸೋಲನ್ನು ಒಪ್ಪಿಕೊಳ್ಳಬೇಕು. ಎಲ್ಲಿ, ಯಾವಾಗ ಎಂದು ಬಿಚ್ಚಿ ಹೇಳುವುದು ಎಲ್ಲ ಕಡೆ ಕ್ಷೇಮವಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಲ್ಲಿ ಮರಿಯಿರುವ ತಾಯಿಕರಡಿ ಯಾವ ಬಂಡೆಯ ಸಂದಿನಲ್ಲಿದೆ ಎಂದು ಪಟದ ಜೊತೆ ಬರೆದರೆ ಮರುದಿನ ಜೀಪುಗಳು ಬಂದಾವು. ಭಾರತದ ಹಲವು ಸ್ಪರ್ಧೆಗಳು ಗೂಡಿನ ಪಟಗಳಿಗೆ ಅವಕಾಶ ಕೊಡದಿರುವುದೂ ಇದೇ ಭಯಕ್ಕೆ. ಹಿಂದಿನ ತಲೆಮಾರು ಗೂಡಿನ ಬಳಿ ಮರೆ ಕಟ್ಟಿ ಕೂತೇ ಹಕ್ಕಿಯ ಚಿತ್ರ ಕಲಿತಿತ್ತು. ನಿಧಾನದ ಫಿಲ್ಮಿಗೆ ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಜಾಗವೇ ಬೇಕಿತ್ತು. ಅಭ್ಯಾಸ ಬದಲಾದದ್ದು ಜೊತೆಗಾರರೇ ಒಬ್ಬರನ್ನೊಬ್ಬರು ತಡೆದದ್ದರಿಂದ, ಅಂದರೆ ಇದೂ ಒಂದು ಬಗೆಯ ವಿಮರ್ಶೆಯೇ. ಇಲ್ಲಿ ಮಾಡಬಹುದಾದದ್ದು ವಿವರ ಬರೆದಿಡುವುದನ್ನೂ ಅದನ್ನು ಸಾರುವುದನ್ನೂ ಬೇರೆ ಬೇರೆ ಇಡುವುದು. ಕರಡಿಯ ಗುಹೆಯ ಜಾಗ, ತಾರೀಕು, ಹೊತ್ತು ತೆಗೆದವನ ವಹಿಯಲ್ಲಿರಲಿ, ಅರಣ್ಯ ಇಲಾಖೆಗೆ ತಿಳಿದಿರಲಿ. ಗೆಳೆಯರ ಮುಂದೆ ಪಟ ಇಟ್ಟಾಗ ‘ಗುಡೇಕೋಟೆ ಸೀಮೆ, ಚಳಿಗಾಲ’ ಎಂದಷ್ಟೇ ಸಾಕು. ಕುರುವತ್ತಿಯ ಕಂಬಕ್ಕಾಗಲಿ ಕೊಟ್ಟೂರಿನ ತೇರಿನ ಅಚ್ಚಿಗಾಗಲಿ ಈ ಗುಟ್ಟು ಬೇಕಿಲ್ಲ. ಅಲ್ಲಿ ಎಷ್ಟನೆಯ ಕಂಬ, ಯಾವ ಬದಿಯ ಗಾಲಿ ಎಂದು ಕೇಳುವ ಒಬ್ಬ ಗೆಳೆಯ ಪ್ರತಿ ತಾಲ್ಲೂಕಿನಲ್ಲೂ ಇರಬೇಕು.